ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಏನೇನು ಇರುತ್ತೆ?



ನನ್ನ ಅಕ್ಕ ಈ ವರ್ಷ ಅರ್ಥಶಾಸ್ತ್ರದಲ್ಲಿ ಎಂ.ಎ. ಸೇರಿದ್ದಾಳೆ. ದೀಪಾವಳಿಗೆ ಊರಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು, "ನನ್ನ ಕೈಲಿ ಆಗಲ್ಲ, ಬಿಟ್ಟುಬಿಡ್ತೀನಿ" ಅಂತ ಅತ್ತಳು. ಯಾಕೆ ಅಂತ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಎಂ.ಎ. ಅಂದರೆ ಸ್ನಾತಕೋತ್ತರ ಪದವಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ 2 ವರ್ಷ, ಬಿ.ಎ. 3 ವರ್ಷ, ಆಮೇಲೆ ಎಂ.ಎ. 2 ವರ್ಷ. ಏಳನೇ ತರಗತಿ ಪಾಸಾದ ಮೇಲೆ ನಮಗೆ ಇನ್ನೂ 10 ವರ್ಷ ಬೇಕು, ಲೆಕ್ಕ ಹಾಕಿ ನೋಡಿ! ಎಂ.ಎ.ಯ 2 ವರ್ಷವನ್ನು 4 ಸೆಮಿಸ್ಟರ್ ಆಗಿ ಹಂಚಿರುತ್ತಾರೆ. ಪ್ರತಿ ಸೆಮಿಸ್ಟರಿನ ಕೊನೆಗೆ ಪರೀಕ್ಷೆ. ನಡುವೆ ಕಿರುಪರೀಕ್ಷೆ, ಸೆಮಿನಾರುಗಳಿಗೂ ಅಂಕ ಉಂಟು.

ಮನೆಗೆ ಪಾಯ ಇದ್ದ ಹಾಗೆ ಮೊದಲು ಮೂರು ಮುಖ್ಯ ವಿಷಯಗಳು:

1. ಸೂಕ್ಷ್ಮ ಅರ್ಥಶಾಸ್ತ್ರ: ಒಬ್ಬ ರೈತ, ಒಂದು ಮನೆ, ಒಂದು ಅಂಗಡಿಯ ವಿಚಾರ. ಟೊಮೆಟೊ ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದು ಇಲ್ಲಿ ಬರುತ್ತದೆ.

2. ಸಮಗ್ರ ಅರ್ಥಶಾಸ್ತ್ರ: ಇಡೀ ದೇಶದ ವಿಚಾರ. ರಾಷ್ಟ್ರೀಯ ಆದಾಯ, ನಿರುದ್ಯೋಗ, ಹಣದುಬ್ಬರ ಇತ್ಯಾದಿ.

3. ಗಣಿತ ಮತ್ತು ಸಂಖ್ಯಾಶಾಸ್ತ್ರ: ಮೇಲಿನ ಎರಡನ್ನೂ ಸಮೀಕರಣ, ನಕ್ಷೆಗಳಲ್ಲಿ ಬಿಡಿಸಲು ಇದು ಬೇಕು.

ಅಕ್ಕ ಅತ್ತದ್ದು ಈ ಮೂರನೆಯದಕ್ಕೆ. ಅವಳು ಎಸ್ಸೆಸ್ಸೆಲ್ಸಿ ಆದ ಮೇಲೆ ಕಲಾ ವಿಭಾಗ ತಗೊಂಡಳು. ಗಣಿತ ಅಲ್ಲಿಗೇ ನಿಂತುಹೋಯಿತು. ಎಂ.ಎ.ಯಲ್ಲಿ ಅದು ಮತ್ತೆ ಎದುರಿಗೆ ಬಂದು ನಿಂತಿತು.

ಮುಂದೆ ಅರ್ಥಮಿತಿ ಅಂತ ಇನ್ನೊಂದು ವಿಷಯ. ಉದಾಹರಣೆಗೆ, ಹೆಚ್ಚು ಗೊಬ್ಬರ ಹಾಕಿದವರಿಗೆ ಹೆಚ್ಚು ರಾಗಿ ಬಂತು ಅನ್ನೋಣ. ಅದು ಗೊಬ್ಬರದಿಂದಲೋ, ಅವರ ಬೋರ್‌ವೆಲ್ ನೀರಿನಿಂದಲೋ? ಇದನ್ನು ಅಂಕಿ ಅಂಶ ಇಟ್ಟುಕೊಂಡು ಬೇರ್ಪಡಿಸಿ ನೋಡುವುದೇ ಅರ್ಥಮಿತಿ. ಎರಡನೇ ವರ್ಷದಲ್ಲಿ ಐಚ್ಛಿಕ ವಿಷಯಗಳೂ ಇರುತ್ತವೆ. ಕೃಷಿ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಅಂತರರಾಷ್ಟ್ರೀಯ ವ್ಯಾಪಾರ ಇಂಥವುಗಳಲ್ಲಿ ಇಷ್ಟವಾದದ್ದನ್ನು ಆರಿಸಿಕೊಳ್ಳಬಹುದು. ಹಲವು ಕಡೆ ಕೊನೆಯಲ್ಲಿ ಪ್ರಾಜೆಕ್ಟ್ ವರದಿಯನ್ನೂ ಬರೆಯಬೇಕು.

ಎಂ.ಎ. ಮುಗಿದ ಮೇಲೆ ಪಿಎಚ್.ಡಿ. ಮಾಡಬಹುದು. ಇದಕ್ಕೆ ಕನಿಷ್ಠ 3 ವರ್ಷ. ಮೊದಲು ಸ್ವಲ್ಪ ಪಾಠ, ನಂತರ ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆ, ಕೊನೆಗೆ ಮಹಾಪ್ರಬಂಧ ಮತ್ತು ಮೌಖಿಕ ಪರೀಕ್ಷೆ. ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿದ ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಇಂಥ ಸಂಶೋಧನೆ ಮಾಡಬಹುದು.

ಅಕ್ಕ ಬಿಡಲಿಲ್ಲ. ಪಕ್ಕದ ಮನೆ ಅಣ್ಣನ ಪಿಯುಸಿ ಗಣಿತ ಪುಸ್ತಕ ಕೇಳಿ ತಂದು, ರಾತ್ರಿ ಕೂತು ಮೊದಲಿನಿಂದ ಕಲಿತಳು. ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಇನ್ನೂ ಬಂದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದೇವೆ.

ಹತ್ತನೇ ತರಗತಿ ಆದ ಮೇಲೆ ಗಣಿತ ಬೇಡವೇ ಬೇಡ ಅಂತ ನಾನೂ ಅಂದುಕೊಂಡಿದ್ದೆ. ಈಗ ಹಾಗೆ ಅನ್ನುವುದಿಲ್ಲ. ಬೀಜಗಣಿತದ ಲೆಕ್ಕ ಬಿಟ್ಟು ಓಡುವ ಗೆಳೆಯರೇ, ನೀವೂ ಸ್ವಲ್ಪ ಯೋಚಿಸಿ. ನನ್ನ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

– 7ನೇ ತರಗತಿಯ ವಿದ್ಯಾರ್ಥಿನಿ