ಹಳೇ ಕಮ್ಯುನಿಕೇಶನ್ ಕಾರ್ಡ್ ಇನ್ನೆಷ್ಟು ದಿನ?

ಸೇಫ್ಟಿ ಕಂಟ್ರೋಲರಿನ ಹಳೇ ಕಮ್ಯುನಿಕೇಶನ್ ಕಾರ್ಡ್ ಕೆಟ್ಟರೆ ಪ್ಲಾಂಟ್ ಗತಿಯೇನು ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಕಂಟ್ರೋಲ್ ರೂಮಿನ ಪರದೆಗೆ ಮಾಹಿತಿ ಬರುವುದು ನಿಲ್ಲುತ್ತದೆ, ಅಷ್ಟೆ. ಟ್ರಿಪ್ ಲಾಜಿಕ್ ಮುಖ್ಯ ಪ್ರೊಸೆಸರಿನಲ್ಲಿ ಓಡುತ್ತಲೇ ಇರುತ್ತದೆ. ಆದರೂ ಯಾವುದೇ ಟ್ರಿಪ್ ಸಿಗ್ನಲ್ ಆ ಕಾರ್ಡಿನ ಲಿಂಕಿನ ಮೂಲಕ ಹಾಯುವುದಿಲ್ಲವೆಂದು ಡ್ರಾಯಿಂಗ್ ನೋಡಿ ಖಚಿತಪಡಿಸಿಕೊಳ್ಳಿ.

ನಿಮ್ಮ ಸಾಹೇಬರು ಸೆಕೆಂಡ್‌ಹ್ಯಾಂಡ್ ಕಾರ್ಡ್ ತರಿಸಿದರೆ ನೇರ ರ‍್ಯಾಕಿಗೆ ಹಾಕಬೇಡಿ. ಫರ್ಮ್‌ವೇರ್ ಆವೃತ್ತಿ ತಾಳೆ ನೋಡಿ, ಟೆಸ್ಟ್ ರ‍್ಯಾಕಿನಲ್ಲಿ ಓಡಿಸಿ. ಈಗಿನ ಕಾರ್ಡಿನ ಮಾಡ್‌ಬಸ್ ಲಿಂಕಿನ ಬಾಡ್ ರೇಟ್, ಪ್ಯಾರಿಟಿ, ಸ್ಟೇಷನ್ ನಂಬರ್ ಈಗಲೇ ಬರೆದಿಡಿ. ಇವು ಸಾಮಾನ್ಯವಾಗಿ ನಿವೃತ್ತಿ ಅಂಚಿನ ಯಾರದೋ ತಲೆಯಲ್ಲಷ್ಟೇ ಇರುತ್ತವೆ.

ಕಾರ್ಡಿಗಿಂತ ನನಗೆ ಹೆಚ್ಚು ದಿಗಿಲು ಕಂಟ್ರೋಲರಿನ ಕೀ ಸ್ವಿಚ್ಚಿನದು. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರ ಟ್ರೈಕಾನೆಕ್ಸ್ ಸೇಫ್ಟಿ ಕಂಟ್ರೋಲರಿಗೆ ಟ್ರೈಟನ್ ಮಾಲ್‌ವೇರ್ ನುಗ್ಗಲು, ಕೀಲಿ ‘ಪ್ರೋಗ್ರಾಮ್’ನಲ್ಲೇ ಉಳಿದದ್ದು ದಾರಿಮಾಡಿಕೊಟ್ಟಿತು. ಕೆಲಸ ಮುಗಿದೊಡನೆ ‘ರನ್’ಗೆ ತಿರುಗಿಸಿ, ಕೀಲಿಯನ್ನು ಶಿಫ್ಟ್ ಇನ್‌ಚಾರ್ಜ್ ಕೈಗೊಪ್ಪಿಸಿ ಸಹಿ ಪಡೆಯಿರಿ.