ನವಜಾತ ಶಿಶುವಿನ ಸಂಧಿಸೋಂಕು

ವ್ಯಾಕರಣದಲ್ಲಿ ಸಂಧಿಯೆಂದರೆ ಎರಡು ವರ್ಣಗಳು ಕಾಲವಿಳಂಬವಿಲ್ಲದೆ ಕೂಡುವುದು; ಶರೀರದಲ್ಲಿ ಎರಡು ಎಲುಬುಗಳು ಕೂಡುವ ಕೀಲು. ಅಕ್ಷರಸಂಧಿ ತಪ್ಪಿದರೆ ತಿದ್ದಿ ಬರೆಯಬಹುದು. ಹುಟ್ಟಿದ ಮೊದಲ ವಾರಗಳಲ್ಲಿ ದೇಹಸಂಧಿ ಕೆಟ್ಟರೆ ಬಾಳಿನುದ್ದಕ್ಕೂ ನಡಿಗೆಯೇ ಕೆಡಬಹುದು.

1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಥಾಮಸ್ ಸ್ಮಿತ್, ಎಳೆಗೂಸುಗಳ ಕೀಲಿನಲ್ಲಿ ಕೀವು ತುಂಬುವ ಈ ವ್ಯಾಧಿಯನ್ನು ಪ್ರತ್ಯೇಕವಾಗಿ ವಿವರಿಸಿದನು. ಆತನು ಕಂಡ ಶಿಶುಗಳಲ್ಲಿ ಅನೇಕವು ಬದುಕಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ತರುವಾಯ ಸಾವು ತಗ್ಗಿತು. ಕುಂಟು ಮಾತ್ರ ಉಳಿಯಿತು. ಅದಕ್ಕೆ ಮುಖ್ಯ ಕಾರಣ ರೋಗವನ್ನು ಗುರುತಿಸುವಲ್ಲಿ ಆಗುವ ತಡ.

ಈ ರೋಗಾಣುಗಳು ಬಹುಶಃ ರಕ್ತದ ಮೂಲಕವೇ ಕೀಲನ್ನು ಸೇರುತ್ತವೆ. ಹೊಕ್ಕುಳು, ಚರ್ಮ, ಚಿಕಿತ್ಸೆಗಾಗಿ ರಕ್ತನಾಳದಲ್ಲಿರಿಸಿದ ನಳಿಕೆ ಇವು ಅವಕ್ಕೆ ಪ್ರವೇಶದ್ವಾರಗಳು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಅಪಾಯ ಹೆಚ್ಚು. ದೊಡ್ಡ ಮಕ್ಕಳಲ್ಲಿ ಎಲುಬು ಬೆಳೆಯುವ ಮೃದ್ವಸ್ಥಿಯ ಫಲಕವು ಸೋಂಕಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ನವಜಾತರಲ್ಲಿ ಆ ಫಲಕವನ್ನು ದಾಟಿ ಹೋಗುವ ಸಣ್ಣ ರಕ್ತನಾಳಗಳಿರುವುದರಿಂದ, ಎಲುಬಿನ ಸೋಂಕು ಸುಲಭವಾಗಿ ಕೀಲಿಗೂ ಇಳಿಯುತ್ತದೆ. ಸೊಂಟದ ಕೀಲು ಮತ್ತು ಮೊಣಕಾಲು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತವೆ. ಸೊಂಟದ ಕೀಲಿನಲ್ಲಿ ಕೀವಿನ ಒತ್ತಡವೇರಿದರೆ ತೊಡೆಯೆಲುಬಿನ ತಲೆಗೆ ರಕ್ತ ನಿಂತು ಅದು ನಶಿಸುತ್ತದೆ; ಕಾಲು ಗಿಡ್ಡವಾಗುತ್ತದೆ.

ಇಷ್ಟು ಘೋರವಾದ ರೋಗದ ಸೂಚನೆಯಾದರೋ ಬಹು ಸೌಮ್ಯ. ಅನೇಕ ವೇಳೆ ಜ್ವರವೇ ಇರುವುದಿಲ್ಲ. ಕೂಸು ಹಾಲು ಕುಡಿಯಲು ಹಿಂಜರಿಯುತ್ತದೆ. ಬಟ್ಟೆ ಬದಲಿಸುವಾಗ ಚೀರುತ್ತದೆ. ಒಂದು ಕಾಲನ್ನೋ ಕೈಯನ್ನೋ ಆಡಿಸದೆ ಪಾರ್ಶ್ವವಾಯು ಬಡಿದಂತೆ ಇಟ್ಟುಕೊಳ್ಳುತ್ತದೆ. ಮಾತು ಬಾರದ ಕೂಸಿಗೆ ಆ ನಿಶ್ಚಲತೆಯೇ ಮಾತು.

ನಮ್ಮ ನಾಡಿನಲ್ಲಿ ಈ ಮಾತನ್ನು ಮೊದಲು ಕೇಳಿಸಿಕೊಳ್ಳಬಲ್ಲವರು ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಅಜ್ಜಿಯರು. ದಿನವೂ ಎರಡು ಕಾಲುಗಳನ್ನೂ ಮುಟ್ಟಿ ನೋಡುವ ಕೈ ಅವರದು. ಆದರೆ ಆಡದ ಕಾಲನ್ನು ಉಳುಕೆಂದು ಭಾವಿಸಿ ನೀವಿದರೆ, ಎಳೆದರೆ, ನೋವು ಹೆಚ್ಚುವುದಲ್ಲದೆ ಅಮೂಲ್ಯವಾದ ದಿನಗಳೂ ಕಳೆದುಹೋಗುತ್ತವೆ. ಅಂತಹ ಕೂಸನ್ನು ಅಂದೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ನವಜಾತರ ತೊಡೆಯೆಲುಬಿನ ತಲೆ ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಕ್ಷಕಿರಣ ಚಿತ್ರದಲ್ಲಿ ಅದು ಕಾಣದು. ಆದುದರಿಂದ ವೈದ್ಯರು ಅಲ್ಟ್ರಾಸೌಂಡಿನಿಂದ ಕೀಲಿನ ದ್ರವವನ್ನು ಕಂಡು, ಸೂಜಿಯಿಂದ ತೆಗೆದು ಪರೀಕ್ಷಿಸುತ್ತಾರೆ. ಕೀವನ್ನು ಹೊರತೆಗೆಯುವುದು, ಕೆಲವು ವಾರಗಳವರೆಗೆ ರೋಗಾಣುನಾಶಕ ಔಷಧವನ್ನು ಕೊಡುವುದು, ಇವೆರಡೂ ಕೂಡಿದರೆ ಚಿಕಿತ್ಸೆ. ಕೂಸು ಚೇತರಿಸಿಕೊಂಡ ಮೇಲೂ, ಎಲುಬಿನ ಬೆಳವಣಿಗೆಯನ್ನು ವರ್ಷಗಟ್ಟಲೆ ನೋಡುತ್ತಿರಬೇಕು.

ಕೂಸನ್ನು ಮುಟ್ಟುವ ಮುನ್ನ ಕೈ ತೊಳೆಯುವುದು, ಹೊಕ್ಕುಳಿಗೆ ಬೂದಿ ಮೊದಲಾದುವನ್ನು ಹಚ್ಚದೆ ಒಣಗಿ ಶುಚಿಯಾಗಿಡುವುದು ಹಣ ಬೇಡದ ರಕ್ಷೆಗಳು. ಅಧ್ಯಾಪಕರು ಹೇಳಿದ ಪಾಠ ಮಕ್ಕಳ ಮೂಲಕ ಮನೆಯ ಹಿರಿಯರನ್ನು ಮುಟ್ಟುತ್ತದೆ. ಈ ಪಾಠವೂ ಹಾಗೆ ಮುಟ್ಟಲಿ. ಸಂಧಿಯ ಲಕ್ಷಣದಲ್ಲಿ ಹೇಳಿದ ಕಾಲವಿಳಂಬವಿಲ್ಲದಿರುವಿಕೆ, ಸಂಧಿಯ ರಕ್ಷಣೆಗೂ ಲಕ್ಷಣವೇ ಸರಿ.