ವಯಸ್ಕರ ಪಾಠಕ್ಕೆ ಔಷಧಿ ಪೊಟ್ಟಣದ ಲೇಬಲ್

1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು ಓದುಬರಹವನ್ನು ಕಸುಬಿನೊಡನೆ ಜೋಡಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಆಲೂಗೆಡ್ಡೆ ಬೆಳೆಗಾರರಿಗೆ ಇಂದಿಗೂ ಔಷಧಿ ಲೇಬಲ್‌ಗಿಂತ ಉತ್ತಮ ಪಾಠವಿಲ್ಲ. ಅದರ ಮೇಲಿನ ಚೌಕದ ಕೆಳಭಾಗ ಕೆಂಪಾಗಿದ್ದರೆ ಅತಿ ತೀವ್ರ ವಿಷ. ಹಳದಿ, ನೀಲಿ, ಹಸಿರಿಗೆ ತೀವ್ರತೆ ಕ್ರಮವಾಗಿ ಕಡಿಮೆ. ಹಸಿರೆಂದರೆ ವಿಷವೇ ಇಲ್ಲವೆಂದಲ್ಲ. ಅಂಗಮಾರಿಗೆ ಸಿಂಪಡಿಸುವ ಮ್ಯಾಂಕೋಜೆಬ್ ಪೊಟ್ಟಣದಲ್ಲಿ ‘75 ಡಬ್ಲ್ಯೂ.ಪಿ.’ ಎಂದಿದ್ದರೆ, ಅದು ನೀರಿನಲ್ಲಿ ಕದಡುವ ಪುಡಿ. 100 ಗ್ರಾಂನಲ್ಲಿ ಮೂಲ ಔಷಧಿ 75 ಗ್ರಾಂ. ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿಂದಲೇ ಆರಂಭಿಸಬಹುದು. ಬಳಸಿದ ಪೊಟ್ಟಣವನ್ನು ತರಗತಿಗೆ ತರಬಾರದು, ಲೇಬಲ್ಲಿನ ನಕಲು ಸಾಕು.

ಮುಂದೆ ಓದಬಯಸುವವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು, ವಯಸ್ಸಿನ ಮೇಲ್ಮಿತಿಯಿಲ್ಲ. ಔಷಧಿ ಕಲಸುವವರು ಮನೆಯ ಹೆಂಗಸರಾದರೆ, ಪಾಠಕ್ಕೆ ಮೊದಲು ಬರಬೇಕಾದವರು ಅವರೇ.